ಪ್ರೋಬಿನ ಮೂತಿಯೊಳಗೆ: ಸ್ಕ್ಯಾನಿಂಗ್ ಯಂತ್ರದ ಸ್ಫಟಿಕ, ಅಂಟು ಮತ್ತು ಕರಾವಳಿಯ ತೇವ

ಶಿರಸಿಯಲ್ಲೋ ಕುಮಟಾದಲ್ಲೋ ಒಂದು ನರ್ಸಿಂಗ್ ಹೋಮಿಗೆ ಹೊಸ ಅಲ್ಟ್ರಾಸೌಂಡ್ ಸ್ಕ್ಯಾನಿಂಗ್ ಯಂತ್ರ ಬಂತೆಂದರೆ ಮೊದಲು ಮಾತಾಗುವುದು ಪರದೆಯ ಅಳತೆ, ರಕ್ತದ ಹರಿವು ತೋರಿಸುವ ಬಣ್ಣದ ಡಾಪ್ಲರ್, ಮಗುವಿನ ಮುಖ ಕಾಣಿಸುವ 4ಡಿ. ಆದರೆ ಚಿತ್ರ ಸ್ಪಷ್ಟವಾಗಿ ಬರುತ್ತದೋ ಇಲ್ಲವೋ ಎಂಬುದು ಬಹುಪಾಲು ತೀರ್ಮಾನವಾಗುವುದು ವೈದ್ಯರು ಕೈಯಲ್ಲಿ ಹಿಡಿಯುವ ಪ್ರೋಬಿನ ಮೂತಿಯಲ್ಲಿ. ಚರ್ಮಕ್ಕೆ ತಾಗುವ ರಬ್ಬರಿನಿಂದ ಒಳಗೆ ಎರಡು ಮೂರು ಮಿಲಿಮೀಟರ್, ಅಷ್ಟೇ ಜಾಗ. ಅಲ್ಲಿ ಕೈತಪ್ಪಿದ ಸಂಕೇತವನ್ನು ಯಾವ ಸಾಫ್ಟ್‌ವೇರೂ ಆಮೇಲೆ ತಂದುಕೊಡಲಾರದು. ಕಳೆದ ಕೆಲವು ದಶಕಗಳ ದೊಡ್ಡ ಸುಧಾರಣೆಗಳು ಆದದ್ದು ಆ ಪದರಗಳಲ್ಲೇ. ಪ್ರೋಬ್ ಕೆಡುವುದೂ ಹೆಚ್ಚಾಗಿ ಅಲ್ಲೇ. ನಾಲ್ಕು ತಿಂಗಳು ಗೋಡೆಯೇ ಬೆವರುವ ಉತ್ತರ ಕನ್ನಡದಲ್ಲಿ ಇವೆರಡನ್ನೂ ಒಟ್ಟಿಗೆ ತಿಳಿದುಕೊಳ್ಳುವುದು ಒಳ್ಳೆಯದು.

ಮೂಲ ತತ್ವ ಹಳೆಯದು. ಕೆಲವು ಸ್ಫಟಿಕಗಳನ್ನು ಒತ್ತಿದರೆ ವಿದ್ಯುತ್ ಹುಟ್ಟುತ್ತದೆ ಎಂದು ಪಿಯರ್ ಮತ್ತು ಜಾಕ್ ಕ್ಯೂರಿ ಸಹೋದರರು ತೋರಿಸಿದ್ದು 1880ರಲ್ಲಿ. ತಿರುಗಿಸಿ ವಿದ್ಯುತ್ ಕೊಟ್ಟರೆ ಅದೇ ಸ್ಫಟಿಕ ಹಿಗ್ಗಿ ಕುಗ್ಗುತ್ತದೆ. ಪ್ರೋಬ್ ಮಾಡುವುದು ಈ ಎರಡೂ ಕೆಲಸವನ್ನು, ಸರದಿಯ ಮೇಲೆ. ಮೈಕ್ರೋಸೆಕೆಂಡಿನ ಆಸುಪಾಸಿನ ಒಂದು ಶಬ್ದದ ತಟ್ಟು ಕಳಿಸಿ, ಉಳಿದ ಹೊತ್ತೆಲ್ಲ ಪ್ರತಿಧ್ವನಿಗೆ ಕಿವಿಗೊಟ್ಟು ಕೂರುತ್ತದೆ. ದೇಹದಲ್ಲಿ ಶಬ್ದದ ವೇಗ ಸೆಕೆಂಡಿಗೆ ಸರಾಸರಿ 1540 ಮೀಟರ್ ಎಂದು ಯಂತ್ರ ಲೆಕ್ಕ ಹಿಡಿಯುತ್ತದೆ. ಅಂದರೆ ಒಂದು ಸೆಂಟಿಮೀಟರ್ ಆಳಕ್ಕೆ ಹೋಗಿ ಬರಲು 13 ಮೈಕ್ರೋಸೆಕೆಂಡ್. 15 ಸೆಂ.ಮೀ. ಆಳದ ಯಕೃತ್ತಿನ ಹಿಂಬದಿ ನೋಡಬೇಕಾದರೆ ಚಿತ್ರದ ಒಂದು ಗೆರೆಗೆ ಸುಮಾರು 195 ಮೈಕ್ರೋಸೆಕೆಂಡ್ ಕಾಯಬೇಕು.

ಕಷ್ಟ ಇರುವುದು ಶಬ್ದ ಹುಟ್ಟಿಸುವುದರಲ್ಲಿ ಅಲ್ಲ, ಅದನ್ನು ಮೈಯೊಳಗೆ ದಾಟಿಸುವುದರಲ್ಲಿ.

ಪ್ರತಿ ವಸ್ತುವಿಗೂ ಒಂದು ಧ್ವನಿ ಪ್ರತಿರೋಧ ಇರುತ್ತದೆ: ಸಾಂದ್ರತೆಯನ್ನು ಶಬ್ದದ ವೇಗದಿಂದ ಗುಣಿಸಿದರೆ ಬರುವ ಸಂಖ್ಯೆ. ಅಳತೆ ಮೆಗಾರೇಲ್. ಮಾಂಸಖಂಡ, ಯಕೃತ್ತು ಮುಂತಾದ ಮೃದು ಅಂಗಾಂಶಕ್ಕೆ ಇದು 1.5ರಿಂದ 1.7. ಪ್ರೋಬಿನಲ್ಲಿ ದಶಕಗಳಿಂದ ಬಳಕೆಯಲ್ಲಿರುವ ಪಿಜೆಡ್‌ಟಿ ಎಂಬ ಸೀಸ, ಜಿರ್ಕೋನಿಯಂ, ಟೈಟೇನಿಯಂ ಸೇರಿದ ಸೆರಾಮಿಕ್‌ಗೆ ಸುಮಾರು 33. ಎರಡು ವಸ್ತುಗಳ ಪ್ರತಿರೋಧ ಎಷ್ಟು ದೂರವೋ ಅವುಗಳ ಗಡಿಯಲ್ಲಿ ಶಬ್ದ ಅಷ್ಟು ಹಿಂದಕ್ಕೆ ಚಿಮ್ಮುತ್ತದೆ. 33 ಮತ್ತು 1.5ರ ಲೆಕ್ಕ ಹಾಕಿದರೆ ಶೇ 83ರಷ್ಟು ಶಕ್ತಿ ಹಿಂದಕ್ಕೆ, ಒಳಗೆ ಹೋಗುವುದು ಶೇ 17 ಮಾತ್ರ. ಮರಳಿ ಬರುವ ಪ್ರತಿಧ್ವನಿಯೂ ಅದೇ ಗಡಿ ದಾಟಬೇಕು. ನಡುವೆ ಗಾಳಿ ಸಿಕ್ಕರಂತೂ ಮುಗಿಯಿತು, ಗಾಳಿಯ ಪ್ರತಿರೋಧ 0.0004, ಶೇ 99.9ಕ್ಕಿಂತ ಹೆಚ್ಚು ಅಲ್ಲಿಂದಲೇ ವಾಪಸ್. ಹೊಟ್ಟೆಗೆ ಜೆಲ್ ಹಚ್ಚುವುದು ಆ ಗಾಳಿಯನ್ನು ಹೊರಹಾಕಲು.

ಸ್ಫಟಿಕ ಮತ್ತು ಚರ್ಮದ ನಡುವಿನ ಈ ಏರುಪೇರನ್ನು ತಗ್ಗಿಸಲು ಅವೆರಡರ ಮಧ್ಯೆ ಹೊಂದಾಣಿಕೆಯ ಪದರ ಹಾಕುತ್ತಾರೆ. ಒಂದೇ ಪದರವಾದರೆ ಅದರ ಪ್ರತಿರೋಧ 33 ಮತ್ತು 1.5ರ ಗುಣಲಬ್ಧದ ವರ್ಗಮೂಲದಷ್ಟು, ಅಂದರೆ 7ರಷ್ಟು ಇರಬೇಕು. ಎರಡು ಪದರವಾದರೆ 8.8 ಮತ್ತು 2.3ರ ಆಸುಪಾಸು. ಪ್ರಕೃತಿಯಲ್ಲಿ ಈ ಸಂಖ್ಯೆಯ ವಸ್ತು ಸುಲಭಕ್ಕೆ ಸಿಗುವುದಿಲ್ಲ. ಬರಿಯ ಎಪಾಕ್ಸಿ ಅಂಟು ಸುಮಾರು 3 ಇರುತ್ತದೆ. ಅದಕ್ಕೆ ಅಲ್ಯುಮಿನಾ, ಬೆಳ್ಳಿ ಅಥವಾ ಟಂಗ್‌ಸ್ಟನ್ ಪುಡಿ ಬೆರೆಸಿ ಮೇಲಕ್ಕೆ ತರುತ್ತಾರೆ. ದಪ್ಪ ಆ ಪದರದೊಳಗಿನ ತರಂಗಾಂತರದ ಕಾಲುಭಾಗ ಇರಬೇಕು. ಪದರದಲ್ಲಿ ಶಬ್ದದ ವೇಗ ಸೆಕೆಂಡಿಗೆ 2500 ಮೀಟರ್ ಇದ್ದು ಪ್ರೋಬ್ 5 ಮೆಗಾಹರ್ಟ್ಸ್‌ನದಾದರೆ ಆ ದಪ್ಪ 0.125 ಮಿ.ಮೀ. ಇದರಲ್ಲಿ 0.01 ಮಿ.ಮೀ. ಹೆಚ್ಚುಕಡಿಮೆಯಾದರೆ ಶೇ 8ರ ತಪ್ಪು. ಅಗ್ಗದ ಪ್ರೋಬಿಗೂ ಒಳ್ಳೆಯ ಪ್ರೋಬಿಗೂ ಇರುವ ವ್ಯತ್ಯಾಸದ ದೊಡ್ಡ ಪಾಲು ಹೊರಗೆ ಕಾಣದ ಈ ಅಂಟು ಕೆಲಸದಲ್ಲಿದೆ. ಅಂಟಿನಲ್ಲಿ ಒಂದು ಗಾಳಿಗುಳ್ಳೆ ಉಳಿದರೂ ಆ ಜಾಗದ ಗೆರೆಗಳು ಕುರುಡಾಗುತ್ತವೆ.

ಸ್ಫಟಿಕದ ಬೆನ್ನಿಗೆ ಇನ್ನೊಂದು ಪದರ, ಬ್ಯಾಕಿಂಗ್. ದೇವಸ್ಥಾನದ ಗಂಟೆ ಹೊಡೆದ ಕೂಡಲೇ ಅಂಗೈಯಿಂದ ಹಿಡಿದರೆ ನಾದ ಅಲ್ಲಿಗೇ ನಿಲ್ಲುತ್ತದಲ್ಲ, ಬ್ಯಾಕಿಂಗ್ ಮಾಡುವುದು ಅದನ್ನೇ. ಟಂಗ್‌ಸ್ಟನ್ ಪುಡಿ ಕಲಸಿದ ಎಪಾಕ್ಸಿ ಅಥವಾ ರಬ್ಬರಿನ ದಿಂಡು ಸ್ಫಟಿಕದ ಅನುರಣನವನ್ನು ಎರಡು ಮೂರು ಅಲೆಗಳಲ್ಲಿ ಮುಗಿಸಿಬಿಡುತ್ತದೆ. ಆಳದ ದಿಕ್ಕಿನಲ್ಲಿ ಎರಡು ಚುಕ್ಕೆಗಳನ್ನು ಬೇರೆಬೇರೆಯಾಗಿ ತೋರಿಸುವ ಸಾಮರ್ಥ್ಯ ಎಂದರೆ ತಟ್ಟಿನ ಉದ್ದದ ಅರ್ಧ. 5 ಮೆಗಾಹರ್ಟ್ಸ್‌ನಲ್ಲಿ ಒಂದು ಅಲೆ 0.31 ಮಿ.ಮೀ.; ತಟ್ಟು ಎರಡೇ ಅಲೆಯದಾದರೆ 0.3 ಮಿ.ಮೀ. ಅಂತರವೂ ಕಾಣುತ್ತದೆ, ಆರು ಅಲೆ ಎಳೆದರೆ 0.9 ಮಿ.ಮೀ. ಒಳಗಿನದೆಲ್ಲ ಒಂದಾಗಿ ಮಸುಕಾಗುತ್ತದೆ. ಆದರೆ ಬ್ಯಾಕಿಂಗ್ ಹೀರಿದ ಶಕ್ತಿ ನಷ್ಟದ ಬಾಬ್ತು. ಅದು ಶಾಖವಾಗಿ ಪ್ರೋಬಿನಲ್ಲೇ ಉಳಿಯುತ್ತದೆ. ಹೆಚ್ಚು ಹೀರಿದರೆ ಚಿತ್ರ ಚೂಪು, ಸಂಕೇತ ಕ್ಷೀಣ. ಹೊಂದಾಣಿಕೆಯ ಪದರ ಚೆನ್ನಾಗಿದ್ದಷ್ಟೂ ಬ್ಯಾಕಿಂಗನ್ನು ಹಗುರವಾಗಿಡಬಹುದು.

ಸಂಕೇತ ಯಾಕಿಷ್ಟು ಅಮೂಲ್ಯ? ಮೃದು ಅಂಗಾಂಶ ಪ್ರತಿ ಸೆಂಟಿಮೀಟರಿಗೆ, ಪ್ರತಿ ಮೆಗಾಹರ್ಟ್ಸ್‌ಗೆ ಸುಮಾರು ಅರ್ಧ ಡೆಸಿಬೆಲ್ ತಿಂದುಹಾಕುತ್ತದೆ. 3.5 ಮೆಗಾಹರ್ಟ್ಸ್‌ನಲ್ಲಿ 15 ಸೆಂ.ಮೀ. ಹೋಗಿ ಬರುವಷ್ಟರಲ್ಲಿ 52 ಡೆಸಿಬೆಲ್ ಹೋಯಿತು. ಉಳಿಯುವುದು ಒಂದೂವರೆ ಲಕ್ಷದಲ್ಲಿ ಒಂದು ಪಾಲಿಗೂ ಕಡಿಮೆ. ಅದೇ ಆಳಕ್ಕೆ 10 ಮೆಗಾಹರ್ಟ್ಸ್ ಕಳಿಸಿದರೆ ನಷ್ಟ 150 ಡೆಸಿಬೆಲ್, ಏನೂ ವಾಪಸ್ ಬರುವುದಿಲ್ಲ. ಅದಕ್ಕಾಗಿಯೇ ಹೊಟ್ಟೆಗೆ ಬಾಗಿದ ಮೂತಿಯ ಕಡಿಮೆ ಆವರ್ತನದ ಪ್ರೋಬ್, ಥೈರಾಯ್ಡು ಮತ್ತು ರಕ್ತನಾಳಕ್ಕೆ ಚಪ್ಪಟೆ ಮೂತಿಯ 7ರಿಂದ 12 ಮೆಗಾಹರ್ಟ್ಸ್ ಪ್ರೋಬ್. ಆವರ್ತನವನ್ನು ನಿರ್ಧರಿಸುವುದು ಸ್ಫಟಿಕದ ದಪ್ಪ: ಅದು ತನ್ನೊಳಗಿನ ತರಂಗಾಂತರದ ಅರ್ಧ ಇರುತ್ತದೆ. ಪಿಜೆಡ್‌ಟಿಯಲ್ಲಿ 3.5 ಮೆಗಾಹರ್ಟ್ಸ್‌ಗೆ ಸುಮಾರು 0.6 ಮಿ.ಮೀ., 10ಕ್ಕೆ 0.2 ಮಿ.ಮೀ.

ಸ್ಫಟಿಕ ಅಖಂಡವಾಗಿಯೂ ಇರುವುದಿಲ್ಲ. ವಜ್ರದ ಪುಡಿ ಕೂರಿಸಿದ ತೆಳು ಗರಗಸದಿಂದ ಅದನ್ನು 128 ಅಥವಾ 192 ಪಟ್ಟಿಗಳಾಗಿ ಸೀಳುತ್ತಾರೆ. ಒಂದೊಂದು ಪಟ್ಟಿಯೂ ಒಂದು ಎಲಿಮೆಂಟ್. ಕೇಬಲಿನಲ್ಲಿ ಒಂದೊಂದಕ್ಕೂ ಕೂದಲೆಳೆಯಂಥ ಪ್ರತ್ಯೇಕ ತಂತಿ. ಪ್ರತಿ ಎಲಿಮೆಂಟಿಗೆ ಸ್ವಲ್ಪ ಸ್ವಲ್ಪ ತಡಮಾಡಿ ವಿದ್ಯುತ್ ಕೊಟ್ಟು ಯಂತ್ರ ಶಬ್ದದ ಕಿರಣವನ್ನು ಬೇಕಾದ ಕಡೆ ಬಾಗಿಸುತ್ತದೆ, ಬೇಕಾದ ಆಳಕ್ಕೆ ಕೂಡಿಸುತ್ತದೆ. ಹೃದಯ ನೋಡುವ ಪ್ರೋಬಿನಲ್ಲಿ ಕಿರಣ ಬಹಳ ಓರೆಯಾಗಬೇಕಾದ್ದರಿಂದ ಎಲಿಮೆಂಟುಗಳ ನಡುವಿನ ಅಂತರ ತರಂಗಾಂತರದ ಅರ್ಧ ದಾಟಬಾರದು, 2.5 ಮೆಗಾಹರ್ಟ್ಸ್‌ಗೆ ಇದು 0.3 ಮಿ.ಮೀ. ದಾಟಿದರೆ ಇಲ್ಲದ ಜಾಗದಲ್ಲಿ ಇಲ್ಲದ ಗೋಡೆ ಕಾಣಿಸುತ್ತದೆ.

ಈ ಸೀಳುವ ಕೆಲಸದಿಂದಲೇ ಒಂದು ದೊಡ್ಡ ಸುಧಾರಣೆ ಬಂತು. ಸೆರಾಮಿಕ್ಕನ್ನು ಉದ್ದಕ್ಕೂ ಅಡ್ಡಕ್ಕೂ ಸೀಳಿ, ಸಣ್ಣ ಸಣ್ಣ ಕಂಬಗಳ ಕಾಡು ಮಾಡಿ, ಸಂದಿಗೆ ಎಪಾಕ್ಸಿ ತುಂಬಿದರೆ ಕಾಂಪೊಸಿಟ್ ಆಯಿತು. ಪ್ರತಿರೋಧ 33ರಿಂದ 15–20ರ ಮಟ್ಟಕ್ಕೆ ಇಳಿಯುತ್ತದೆ, ಗಡಿ ದಾಟುವುದು ಸುಲಭವಾಗುತ್ತದೆ. ಕಂಬಗಳು ಅಡ್ಡಕ್ಕೆ ಅದುರದೆ ಉದ್ದಕ್ಕೇ ಅದುರುವುದರಿಂದ ವಿದ್ಯುತ್ತು ಶಬ್ದವಾಗುವ ದಕ್ಷತೆಯೂ ಏರುತ್ತದೆ. ಒಳ್ಳೆಯ ಪ್ರೋಬುಗಳಲ್ಲಿ ಇಂದು ಇದು ಸಾಮಾನ್ಯ.

ಇನ್ನೊಂದು ಹೆಜ್ಜೆ ಸಿಂಗಲ್ ಕ್ರಿಸ್ಟಲ್. ಪಿಜೆಡ್‌ಟಿ ಎಂದರೆ ಅಸಂಖ್ಯ ಕಣಗಳನ್ನು ಸುಟ್ಟು ಬೆಸೆದ ಸೆರಾಮಿಕ್. ಕಣಗಳ ದಿಕ್ಕು ಒಂದೊಂದೂ ಒಂದೊಂದು ಕಡೆ. ಪ್ರಬಲ ವಿದ್ಯುತ್ ಕ್ಷೇತ್ರದಲ್ಲಿಟ್ಟು ಪೋಲಿಂಗ್ ಮಾಡಿದರೂ ಎಲ್ಲವೂ ಪೂರ್ತಿ ಒಂದೇ ದಿಕ್ಕಿಗೆ ತಿರುಗುವುದಿಲ್ಲ. 1997ರಲ್ಲಿ ಅಮೆರಿಕದ ಪೆನ್ ಸ್ಟೇಟ್ ವಿಶ್ವವಿದ್ಯಾಲಯದ ಪಾರ್ಕ್ ಮತ್ತು ಶ್ರೌಟ್, ಇಡೀ ತುಂಡೇ ಒಂದು ಹರಳಾಗಿ ಬೆಳೆಸಿದ ಪಿಎಂಎನ್-ಪಿಟಿ ಮತ್ತು ಪಿಜೆಡ್‌ಎನ್-ಪಿಟಿ ಎಂಬ ಸೀಸ ಬೆರೆತ ವಸ್ತುಗಳ ಗುಣವನ್ನು ಪ್ರಕಟಿಸಿದರು. ಹಳೆಯ ಸೆರಾಮಿಕ್ಕಿನಲ್ಲಿ ಒಂದು ವೋಲ್ಟಿಗೆ ಸಿಗುವ ಹಿಗ್ಗುವಿಕೆ ಸುಮಾರು 600 ಎಂದಿಟ್ಟುಕೊಂಡರೆ ಈ ಹರಳುಗಳಲ್ಲಿ ಅದು 1500ರಿಂದ 2500. ಶಕ್ತಿಯನ್ನು ಒಂದು ರೂಪದಿಂದ ಇನ್ನೊಂದಕ್ಕೆ ಬದಲಿಸುವ ಗುಣಾಂಕ 0.75ರಿಂದ 0.9ಕ್ಕೂ ಮೇಲೇರಿತು. ಬದಲಾಗುವ ಶಕ್ತಿಯ ಪಾಲು ತಿಳಿಯಲು ಇದರ ವರ್ಗವನ್ನು ಹಿಡಿಯಬೇಕು: ಶೇ 56 ಇದ್ದದ್ದು ಶೇ 81ಕ್ಕಿಂತ ಹೆಚ್ಚು.

ವೈದ್ಯರಿಗೆ ಇದರ ಲಾಭ ಎಂದರೆ ಆವರ್ತನದ ಹರವು. ಒಂದೇ ಪ್ರೋಬ್ 2 ಮೆಗಾಹರ್ಟ್ಸ್‌ನಲ್ಲಿ ಕಳಿಸಿ, ಅಂಗಾಂಶದೊಳಗೇ ಹುಟ್ಟುವ ಇಮ್ಮಡಿ ಆವರ್ತನದ ಅಲೆಯನ್ನು, ಅಂದರೆ 4 ಮೆಗಾಹರ್ಟ್ಸ್‌ನ ಹಾರ್ಮೋನಿಕ್ಕನ್ನು, ಕೇಳಿಸಿಕೊಳ್ಳಬಲ್ಲದು. ಕೊಬ್ಬು ದಪ್ಪಗಿರುವ ಹೊಟ್ಟೆಯಲ್ಲಿ ಮಂಜಿನಂತೆ ಹರಡುತ್ತಿದ್ದ ಗದ್ದಲ ಇದರಿಂದ ಎಷ್ಟೋ ಕಡಿಮೆಯಾಗುತ್ತದೆ. ಸಿಂಗಲ್ ಕ್ರಿಸ್ಟಲ್ಲಿಗೆ ಕೊಡುವ ಹೆಚ್ಚಿನ ಬೆಲೆ ಅತಿ ಸಾರ್ಥಕವಾಗುವುದು ಹೃದಯ ಮತ್ತು ಹೊಟ್ಟೆಯ ಪ್ರೋಬಿನಲ್ಲಿ.

ಆದರೆ ಈ ಹರಳಿಗೆ ಮೂರು ದೌರ್ಬಲ್ಯ, ಮೂರೂ ನಮ್ಮ ಜಿಲ್ಲೆಗೆ ಸಂಬಂಧಿಸಿದ್ದು. ಒಂದು, ಶಾಖ. ಮಿಶ್ರಣದ ಪ್ರಮಾಣಕ್ಕೆ ತಕ್ಕಂತೆ ಸುಮಾರು 60ರಿಂದ 95 ಡಿಗ್ರಿ ನಡುವೆ ಪಿಎಂಎನ್-ಪಿಟಿಯ ಒಳರಚನೆ ಬದಲಾಗಿ ಗುಣ ಕುಸಿಯತೊಡಗುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ಗಾಜು ಏರಿಸಿ ನಿಲ್ಲಿಸಿದ ವಾಹನದೊಳಗೆ ಪ್ರೋಬ್ ಬಿಟ್ಟುಹೋಗುವುದು ಹಾಗಾಗಿ ಅಪಾಯ. ಎರಡು, ಇದು ಪಿಜೆಡ್‌ಟಿಗಿಂತ ಬೇಗ ಬಿರುಕು ಬಿಡುತ್ತದೆ; ಸೊಂಟದೆತ್ತರದಿಂದ ಟೈಲ್ಸ್ ನೆಲಕ್ಕೆ ಒಮ್ಮೆ ಬಿದ್ದರೂ ಸಾಕು, ಹೊರಗಿನ ರಬ್ಬರ್ ಹಾಗೇ ಇದ್ದು ಒಳಗೆ ನಾಲ್ಕಾರು ಎಲಿಮೆಂಟ್ ಸತ್ತಿರುತ್ತವೆ. ಮೂರು, ಬೆಲೆ. ಕರಗಿದ ದ್ರವದಿಂದ ನಿಧಾನವಾಗಿ ಹರಳು ಎಳೆಯುವಾಗ ತುದಿಯಿಂದ ತುದಿಗೆ ಮಿಶ್ರಣ ಬದಲಾಗುತ್ತ ಹೋಗುವುದರಿಂದ ಎಲ್ಲ ಭಾಗವೂ ಪ್ರೋಬಿಗೆ ಬರುವುದಿಲ್ಲ. ಇಂಡಿಯಂ ಸೇರಿಸಿದ ಹೊಸ ತಲೆಮಾರಿನ ಹರಳುಗಳು ಶಾಖವನ್ನೂ ಹೆಚ್ಚಿನ ವೋಲ್ಟೇಜನ್ನೂ ಇನ್ನಷ್ಟು ತಾಳುತ್ತವೆ. ಸೀಸವಿಲ್ಲದ ವಸ್ತುಗಳ ಹುಡುಕಾಟವೂ ನಡೆದಿದೆ. ಪೊಟ್ಯಾಸಿಯಂ, ಸೋಡಿಯಂ, ನಿಯೋಬಿಯಂ ಸೇರಿದ ಸೆರಾಮಿಕ್ ಅವುಗಳಲ್ಲಿ ಮುಂದಿದೆ, ಆದರೆ ಪಿಜೆಡ್‌ಟಿಯ ಜಾಗಕ್ಕೆ ಇನ್ನೂ ಬಂದಿಲ್ಲ.

ಸ್ಫಟಿಕವನ್ನೇ ಬಿಟ್ಟು ಕಂಪ್ಯೂಟರ್ ಚಿಪ್ ಮಾಡುವ ಸಿಲಿಕಾನ್ ಮೇಲೆಯೇ ಶಬ್ದ ಹುಟ್ಟಿಸುವ ದಾರಿ ಇನ್ನೊಂದು. ಇದರ ಹೆಸರು ಸಿಮಟ್. 1990ರ ದಶಕದಲ್ಲಿ ಸ್ಟ್ಯಾನ್‌ಫರ್ಡಿನಲ್ಲಿ ಖುರಿ-ಯಾಕುಬ್ ಅವರ ತಂಡ ಇದನ್ನು ಬೆಳೆಸಿತು. ಮೈಕ್ರೋಮೀಟರಿಗಿಂತ ಕಿರಿದಾದ ನಿರ್ವಾತದ ಸಂದಿಯ ಮೇಲೆ ತೆಳು ಪೊರೆ. ವೋಲ್ಟೇಜ್ ಕೊಟ್ಟರೆ ಪೊರೆ ಎಳೆದುಕೊಂಡು ಬಿಡುತ್ತದೆ, ಅದೇ ಶಬ್ದ. ಪೊರೆ ಹಗುರವಾದ್ದರಿಂದ ಅಂಗಾಂಶದ ಜೊತೆ ಹೊಂದಾಣಿಕೆ ತಾನಾಗಿ ಬರುತ್ತದೆ, ಹರವು ಬಹಳ ದೊಡ್ಡದು. 2017ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಬಟರ್‌ಫ್ಲೈ ಐಕ್ಯೂ ಎಂಬ ಕೈಯಗಲದ ಸಾಧನದಲ್ಲಿ ಇಂಥ ಸುಮಾರು 9000 ಎಲಿಮೆಂಟುಗಳಿವೆ. ಮೊಬೈಲಿಗೆ ಸಿಕ್ಕಿಸಿದರೆ ಒಂದೇ ಪ್ರೋಬ್ ಹೊಟ್ಟೆ, ಹೃದಯ, ರಕ್ತನಾಳ ಮೂರಕ್ಕೂ ಆಗುತ್ತದೆ. ಆದರೂ ಆಳದ ಚಿತ್ರದಲ್ಲಿ ಒಳ್ಳೆಯ ಸಿಂಗಲ್ ಕ್ರಿಸ್ಟಲ್ ಪ್ರೋಬನ್ನು ಇದು ಸರಿಗಟ್ಟುತ್ತದೆ ಎನ್ನಲಾಗದು. ಹೊರಬರುವ ಒತ್ತಡ ಕಡಿಮೆ. ಉಸಿರುಗಟ್ಟಿ ಬಂದವರ ಪುಪ್ಪುಸದಲ್ಲಿ ನೀರಿದೆಯೇ, ಅಪಘಾತದಲ್ಲಿ ಹೊಟ್ಟೆಯೊಳಗೆ ರಕ್ತ ಸೋರಿದೆಯೇ ಎಂಬ ಹೌದು–ಅಲ್ಲ ಪ್ರಶ್ನೆಗೆ ಇದು ಸಾಕು.

ಕೈಯಲ್ಲಿ ಹಿಡಿಯುವ ಸಾಧನಗಳ ನಿಜವಾದ ಮಿತಿ ಬಿಸಿ. ಚರ್ಮಕ್ಕೆ ತಾಗಿರುವಾಗ ಪ್ರೋಬಿನ ಮೂತಿ 43 ಡಿಗ್ರಿ ದಾಟಬಾರದು ಎಂಬುದು ಅಂತರರಾಷ್ಟ್ರೀಯ ಸುರಕ್ಷತಾ ಮಾನದಂಡ. ಬ್ಯಾಟರಿ, ಚಿಪ್ ಎಲ್ಲ ಹಿಡಿಕೆಯೊಳಗೇ ಇರುವ ಸಾಧನ ಎ.ಸಿ. ಇಲ್ಲದ ಕೋಣೆಯಲ್ಲಿ, ಮೇ ತಿಂಗಳ ಸೆಕೆಯಲ್ಲಿ, ಆ ಮಿತಿಗೆ ಬೇಗ ಬಂದು ತಾನೇ ನಿಲ್ಲುತ್ತದೆ. ಅದನ್ನು ಕೆಟ್ಟಿತೆಂದು ತಿಳಿಯಬೇಡಿ. ಸ್ಕ್ಯಾನ್ ಮಾಡದ ಹೊತ್ತು ಚಿತ್ರ ನಿಲ್ಲಿಸುವ ಫ್ರೀಜ್ ಗುಂಡಿ ಒತ್ತಿಡುವುದೇ ಪರಿಹಾರ.

ಚಿಕ್ಕದು, ಜೇಬಿಗೆ ಹಿಡಿಸುತ್ತದೆ ಎಂದ ಮಾತ್ರಕ್ಕೆ ಕಾನೂನಿನಿಂದ ಹೊರಗಲ್ಲ. ಭ್ರೂಣಲಿಂಗ ಪತ್ತೆಯನ್ನು ತಡೆಯುವ ಪಿಸಿಪಿಎನ್‌ಡಿಟಿ ಕಾಯಿದೆಯಡಿ ಯಂತ್ರ ಮಾರುವುದು ನೋಂದಾಯಿತ ಕೇಂದ್ರಕ್ಕೆ ಮಾತ್ರ, ಪ್ರತಿ ಯಂತ್ರವೂ ದಾಖಲಾಗಬೇಕು, ಗರ್ಭಿಣಿಯ ಪ್ರತಿ ಸ್ಕ್ಯಾನಿಗೆ ಫಾರ್ಮ್ ಎಫ್ ತುಂಬಬೇಕು. ಒಯ್ಯುವ ಯಂತ್ರವನ್ನು ನೋಂದಾಯಿತ ಆವರಣದೊಳಗೆ ಅಥವಾ ನೋಂದಾಯಿತ ಸಂಚಾರಿ ಘಟಕದಲ್ಲಿ ಅಲ್ಲದೆ ಬೇರೆಡೆ ಬಳಸುವಂತಿಲ್ಲ. ಜೋಯಿಡಾದ ಕಾಡಿನ ಹಳ್ಳಿಗೆ ಸ್ಕ್ಯಾನ್ ತಲುಪಿಸುವ ಯಾವ ಯೋಜನೆಯೂ ಮೊದಲು ಈ ಕಾಗದ ಸರಿಮಾಡಿಕೊಳ್ಳಬೇಕು.

ಮಳೆಗಾಲದಲ್ಲಿ ಪ್ರೋಬ್

ಜುಲೈನಲ್ಲಿ ಕಾರವಾರದ ಗಾಳಿಯಲ್ಲಿ ಎಷ್ಟು ತೇವ ಎಂದರೆ 24 ಡಿಗ್ರಿಗೆ ತಂಪಾದ ಯಾವ ವಸ್ತುವಿನ ಮೇಲೂ ಇಬ್ಬನಿ ಕಟ್ಟಬಹುದು. ಎ.ಸಿ.ಯನ್ನು 20ಕ್ಕೆ ಇಟ್ಟ ಸ್ಕ್ಯಾನಿಂಗ್ ಕೋಣೆಯಿಂದ ಪ್ರೋಬನ್ನು ನೇರವಾಗಿ ವಾರ್ಡಿಗೆ ಒಯ್ದರೆ ಕನೆಕ್ಟರಿನ ನೂರಾರು ಪಿನ್ನುಗಳ ಮೇಲೆ ನೀರಿನ ಪೊರೆ. ಕರಾವಳಿಯಲ್ಲಿ ಆ ನೀರಿಗೆ ಉಪ್ಪೂ ಸೇರುತ್ತದೆ. ಹಾಗಾಗಿ ತಂಪು ಕೋಣೆಯೊಳಗೇ ಪ್ರೋಬನ್ನು ಗಾಳಿ ಹೋಗದ ಚೀಲಕ್ಕೆ ಹಾಕಿ, ಬಾಯಿ ಮುಚ್ಚಿ, ಆಮೇಲೆ ಹೊರಗೆ ತನ್ನಿ. ಅರ್ಧ ಮುಕ್ಕಾಲು ಗಂಟೆ ಬಿಟ್ಟು, ಅದು ಹೊರಗಿನ ಶಾಖಕ್ಕೆ ಬಂದ ಮೇಲೆ ಚೀಲ ಬಿಚ್ಚಿ ಜೋಡಿಸಿ. ಎ.ಸಿ.ಯನ್ನು 25–26ಕ್ಕೆ ಇಡುವುದು ಇನ್ನೂ ಸರಳ. ಬಳಸದ ಪ್ರೋಬಿನ ಜೊತೆ ಸಿಲಿಕಾ ಜೆಲ್ ಪೊಟ್ಟಣ ಇಟ್ಟು ಬಣ್ಣ ಬದಲಾದಾಗ ಹೊಸದು ಹಾಕಿ. ಯಂತ್ರದ ಗಾಳಿಯ ಫಿಲ್ಟರನ್ನು ಮಳೆಗಾಲದಲ್ಲಿ ವಾರಕ್ಕೊಮ್ಮೆ ತೆಗೆದು ನೋಡಬೇಕು. ತೇವ ಕುಡಿದ ದೂಳು ಗಟ್ಟಿಯಾಗಿ ಗಾಳಿ ತಡೆಯುತ್ತದೆ.

ಜೆಲ್‌ನದೂ ಒಂದು ಕತೆ ಇದೆ. ಸ್ಕ್ಯಾನಿಂಗ್ ಜೆಲ್ ಎಂದರೆ ಬಹುಪಾಲು ನೀರು, ಅದನ್ನು ಗಟ್ಟಿ ಮಾಡುವುದು ಕಾರ್ಬೋಮರ್ ಎಂಬ ಪಾಲಿಮರ್. ಉಪ್ಪು ತಾಗಿದರೆ ಆ ಪಾಲಿಮರಿನ ಹಿಡಿತ ಸಡಿಲಾಗಿ ಜೆಲ್ ನೀರಾಗುತ್ತದೆ. ಬೆವರಿದ ಹೊಟ್ಟೆಯ ಮೇಲೆ ಜೆಲ್ ಹರಿದುಹೋಗುವುದು ಇದರಿಂದಲೇ, ಜೆಲ್ ಕಳಪೆ ಎಂದಲ್ಲ. ಮೊದಲು ಬೆವರು ಒರೆಸಿ, ಆಮೇಲೆ ಹಚ್ಚಿ. ಜೆಲ್ ಮುಗಿದಾಗ ತೆಂಗಿನೆಣ್ಣೆ ಹಚ್ಚುವ ಉಪಾಯ ಬೇಡ. ಶಬ್ದ ದಾಟುತ್ತದೆ ನಿಜ, ಆದರೆ ಮೂತಿಯ ಸಿಲಿಕೋನ್ ರಬ್ಬರ್ ಎಣ್ಣೆ ಹೀರಿ ಉಬ್ಬಬಹುದು, ಅಂಟು ಬಿಡಬಹುದು. ಆ ರಬ್ಬರೇ ಲೆನ್ಸ್. ಅದರ ಉಬ್ಬಿನಿಂದಲೇ ಕಿರಣ ಕೂಡುವುದು. ಖಾಲಿ ಬಾಟಲಿಗೆ ಡಬ್ಬದಿಂದ ಮತ್ತೆ ಮತ್ತೆ ತುಂಬುವುದೂ ಬೇಡ, ಅದರಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಒರೆಸುವುದಕ್ಕೆ ಪ್ರೋಬಿನ ಕೈಪಿಡಿಯಲ್ಲಿ ಹೆಸರಿಸಿದ ದ್ರಾವಣ ಮಾತ್ರ. ಕೈಗೆ ಸಿಕ್ಕ ಸ್ಪಿರಿಟ್ಟು, ಬ್ಲೀಚು ರಬ್ಬರನ್ನು ಒಣಗಿಸಿ ಸೀಳುತ್ತವೆ. ಆಟೋಕ್ಲೇವ್‌ನ 121 ಡಿಗ್ರಿಗಂತೂ ಸಾಧಾರಣ ಪ್ರೋಬಿನ ಅಂಟೂ ಉಳಿಯದು, ಹರಳೂ ಉಳಿಯದು.

ಪ್ರೋಬ್ ಸರಿಯಿದೆಯೇ ಎಂದು ತಿಂಗಳಿಗೊಮ್ಮೆ ಐದು ನಿಮಿಷದಲ್ಲಿ ನೋಡಬಹುದು. ಮೂತಿ ಒರೆಸಿ ಒಣಗಿಸಿ, ಜೆಲ್ ಇಲ್ಲದೆ ಗಾಳಿಯಲ್ಲಿ ಹಿಡಿಯಿರಿ. ಆಳವನ್ನು ಕನಿಷ್ಠಕ್ಕೆ ಇಳಿಸಿ, ಹಾರ್ಮೋನಿಕ್ ಮತ್ತು ಚಿತ್ರ ನಯಗೊಳಿಸುವ ಸೌಲಭ್ಯಗಳನ್ನು ಆಫ್ ಮಾಡಿ, ಫೋಕಸ್ ಮೇಲಕ್ಕೆ ತಂದು, ಸಂಕೇತವನ್ನು ಹಿಗ್ಗಿಸುವ ಗೇನ್ ಏರಿಸಿ. ಮೇಲ್ಭಾಗದಲ್ಲಿ ಸಮಾಂತರ ಬಿಳಿ ಪಟ್ಟಿಗಳು ಅಂಚಿನಿಂದ ಅಂಚಿಗೆ ಒಂದೇ ಸಮ ಕಾಣಬೇಕು. ನಡುವೆ ಲಂಬವಾದ ಕಪ್ಪು ಗೆರೆ ಬಂದರೆ ಆ ಜಾಗದ ಎಲಿಮೆಂಟು ಅಥವಾ ಅದರ ತಂತಿ ಹೋಗಿದೆ. ಕೇಬಲನ್ನು ಎರಡೂ ತುದಿಯಲ್ಲಿ ಮೆಲ್ಲಗೆ ಬಾಗಿಸಿ ನೋಡಿ: ಗೆರೆ ಬಂದು ಹೋದರೆ ತಂತಿಯ ದೋಷ, ಅಲುಗದೆ ನಿಂತರೆ ಎಲಿಮೆಂಟಿನದು ಇರಬಹುದು. ಕನೆಕ್ಟರನ್ನು ಇನ್ನೊಂದು ಪೋರ್ಟಿಗೆ ಹಾಕಿದಾಗ ಗೆರೆ ಮಾಯವಾದರೆ ತಪ್ಪು ಯಂತ್ರದ್ದು. ಗೆರೆಯಲ್ಲದೆ ಅಗಲವಾದ ಮಸುಕು ಕಂಡರೆ ಪದರಗಳ ನಡುವೆ ಅಂಟು ಬಿಟ್ಟಿರುವ ಶಂಕೆ. ಆಮೇಲೆ ಪೇಪರ್ ಕ್ಲಿಪ್ಪಿನ ನೇರ ತುದಿಯನ್ನು ಮೂತಿಯ ಮೇಲೆ ಉದ್ದಕ್ಕೂ ನಿಧಾನವಾಗಿ ಸರಿಸಿ. ಪರದೆಯ ಮೇಲೆ ಅದರ ಗುರುತೂ ಜೊತೆಯಲ್ಲೇ ಸರಿಯಬೇಕು, ಎಲ್ಲಿ ಕಾಣೆಯಾಗುತ್ತದೋ ಅಲ್ಲಿ ದೋಷ. ಚಿತ್ರವನ್ನು ದಿನಾಂಕದೊಂದಿಗೆ ಉಳಿಸಿಡಿ, ಮುಂದಿನ ತಿಂಗಳಿಗೆ ಹೋಲಿಸಲು.

ಅಂಚಿನಲ್ಲಿ ಒಂದೆರಡು ಎಲಿಮೆಂಟ್ ಹೋದರೆ ಕೆಲಸ ನಡೆಯುತ್ತದೆ. ನಡುವಿನಲ್ಲಿ ಸಾಲಾಗಿ ನಾಲ್ಕೈದು ಹೋದರೆ ಬೂದುಬಣ್ಣದ ಚಿತ್ರ ಸುಮಾರಾಗಿ ಕಂಡರೂ ಡಾಪ್ಲರಿನ ಅಳತೆಯನ್ನು ನಂಬಬಾರದು. ರಬ್ಬರ್ ಸೀಳಿ ಒಳಗೆ ಜೆಲ್ ಇಳಿದ ಪ್ರೋಬನ್ನಂತೂ ಅಂದೇ ಬದಿಗಿಡಬೇಕು: ಒಳಗಿನ ಎಲಿಮೆಂಟುಗಳಿಗೆ ಹತ್ತಾರು ವೋಲ್ಟಿನಿಂದ ನೂರು ವೋಲ್ಟಿನವರೆಗಿನ ತಟ್ಟು ಹೋಗುತ್ತದೆ, ಸೋರಿಕೆ ವಿದ್ಯುತ್ ಪರೀಕ್ಷೆ ಆಗುವವರೆಗೆ ಅದು ರೋಗಿಯ ಮೈಗೆ ತಾಗಬಾರದು.

ಸಂಚಾರಿ ಘಟಕದಲ್ಲಿ ದೇವಿಮನೆ ಘಟ್ಟವನ್ನೋ ಅರಬೈಲು ಘಟ್ಟವನ್ನೋ ಹತ್ತಿಳಿಯುವವರು ಪ್ರೋಬನ್ನು ಯಂತ್ರದ ಕೊಕ್ಕೆಯಲ್ಲಿ ತೂಗುಬಿಡದೆ, ಸ್ಪಂಜು ಕತ್ತರಿಸಿ ಕೂರಿಸಿದ ಗಟ್ಟಿ ಪೆಟ್ಟಿಗೆಯಲ್ಲಿ ಇಡಬೇಕು. ಕೇಬಲನ್ನು ಅಗಲವಾದ ಸುರುಳಿಯಾಗಿ ಸುತ್ತಿ, ಎಲ್ಲೂ ಮಡಚಬೇಡಿ. ಮಡಿಕೆ ಬೀಳುವಲ್ಲೇ ಒಳಗಿನ ತಂತಿ ತುಂಡಾಗುವುದು.

ಯಂತ್ರ ಕೊಳ್ಳುವಾಗ ಡೀಲರನ್ನು ಕೇಳಬೇಕಾದ ಮಾತು ಪ್ರೋಬಿನ ಬಗ್ಗೆ ಇರಲಿ. ಒಳಗಿರುವುದು ಸಾದಾ ಸೆರಾಮಿಕ್ಕೋ, ಕಾಂಪೊಸಿಟ್ಟೋ, ಸಿಂಗಲ್ ಕ್ರಿಸ್ಟಲ್ಲೋ? ಎಲಿಮೆಂಟ್ ಎಷ್ಟು, ಯಂತ್ರ ಒಮ್ಮೆಗೆ ಬಳಸುವ ಚಾನೆಲ್, ಅಂದರೆ ಸಂಕೇತದ ದಾರಿ, ಎಷ್ಟು? 192 ಎಲಿಮೆಂಟಿನ ಪ್ರೋಬನ್ನು 64 ಚಾನೆಲ್ಲಿನ ಯಂತ್ರಕ್ಕೆ ಹಾಕಿದರೆ ಅದರ ಪೂರ್ಣ ಗುಣ ಸಿಗುವುದಿಲ್ಲ. ಪ್ರೋಬಿನ ವಾರಂಟಿ ಯಂತ್ರದ್ದಕ್ಕಿಂತ ಬೇರೆಯೇ, ಬಿದ್ದು ಒಡೆದರೆ ಅದರಲ್ಲಿ ಸೇರುತ್ತದೆಯೇ? ರಿಪೇರಿಗೆ ಒಯ್ದಾಗ ಬದಲಿ ಪ್ರೋಬ್ ಕೊಡುತ್ತಾರೆಯೇ, ಎಷ್ಟು ದಿನದಲ್ಲಿ? ಎಂಜಿನಿಯರ್ ಬರುವುದು ಹುಬ್ಬಳ್ಳಿಯಿಂದಲೋ ಮಂಗಳೂರಿನಿಂದಲೋ? 2024ರ ಜುಲೈನಲ್ಲಿ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಜೀವಹಾನಿಯಾಗಿ ರಾಷ್ಟ್ರೀಯ ಹೆದ್ದಾರಿ 66 ಬಂದಾದುದನ್ನು ಕಂಡ ಜಿಲ್ಲೆಯಲ್ಲಿ ಈ ಕೊನೆಯ ಪ್ರಶ್ನೆ ಮೇಲ್ನೋಟಕ್ಕೆ ಕಾಣುವುದಕ್ಕಿಂತ ತೂಕದ್ದು. ಹೆರಿಗೆ ನೋಡುವ ಆಸ್ಪತ್ರೆಗೆ ಹೊಟ್ಟೆಯ ಪ್ರೋಬ್ ಒಂದು ಹೆಚ್ಚಿಗೆ ಇರಲಿ, ಸಾದಾ ಸೆರಾಮಿಕ್ಕಿನದಾದರೂ ಸರಿ.

ರಿಪೇರಿಯ ವಿಷಯದಲ್ಲಿ ಒಂದು ತಿಳಿವಳಿಕೆ ಬೇಕು. ಕೇಬಲ್, ಕನೆಕ್ಟರ್, ಹಿಡಿಕೆಯ ಕವಚ, ಲೆನ್ಸಿನ ರಬ್ಬರ್ ಇವನ್ನು ನುರಿತ ಕೇಂದ್ರಗಳು ಬದಲಿಸಿಕೊಡುತ್ತವೆ. ಹೊಸ ರಬ್ಬರಿನ ದಪ್ಪ ಮತ್ತು ಅದರಲ್ಲಿ ಶಬ್ದದ ವೇಗ ಮೂಲದಂತೆಯೇ ಇರಬೇಕು, ಇಲ್ಲವಾದರೆ ಫೋಕಸ್ ಜಾರುತ್ತದೆ. ಹರಳು ಒಡೆದರೆ ಇಡೀ ಮೂತಿಯೇ ಬದಲಾಗಬೇಕು. ಯಾವುದೇ ರಿಪೇರಿಯಾಗಿ ಬಂದ ಪ್ರೋಬಿಗೆ ಗಾಳಿಯ ಪರೀಕ್ಷೆ ಮಾಡಿ, ಹಿಂದೆ ಉಳಿಸಿಟ್ಟ ಚಿತ್ರದೊಂದಿಗೆ ಹೋಲಿಸಿ, ಸೋರಿಕೆ ವಿದ್ಯುತ್ ಪರೀಕ್ಷೆಯ ವರದಿ ಕೈಗೆ ಬಂದ ಮೇಲೆ ಬಿಲ್ಲಿಗೆ ಸಹಿ ಹಾಕಿ.